ದೃಶ್ಯಪ್ರವಾಸವೂ ಇತಿಹಾಸದ ಸಾಕ್ಷ್ಯವೂ

ಅಮೆರಿಕದ ಸ್ವಾತಂತ್ರ್ಯಕ್ರಾಂತಿಯ ಸ್ಥಳಗಳನ್ನು ಸುತ್ತಿ ತೋರಿಸುವ ವಿಡಿಯೋ ಪ್ರವಾಸಗಳು ಈಗ ನಮ್ಮ ಕಾಲೇಜುಗಳ ಇತಿಹಾಸ ತರಗತಿಯನ್ನೂ ಪ್ರವೇಶಿಸಿವೆ. ಬಾಸ್ಟನ್, ಕಾಂಕರ್ಡ್, ಫಿಲಡೆಲ್ಫಿಯಗಳಿಗೆ ಹೋಗಿಬರುವ ಅನುಕೂಲವಿಲ್ಲದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಇವುಗಳಿಂದಾಗುವ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಇವುಗಳನ್ನು ಇತಿಹಾಸದ ಸಾಕ್ಷ್ಯವೆಂದು ಎಷ್ಟರ ಮಟ್ಟಿಗೆ ಅಂಗೀಕರಿಸಬಹುದು ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಮೊದಲು ಗುಣಪಕ್ಷವನ್ನು ಹೇಳುವುದು ನ್ಯಾಯ. 1775ರ ಏಪ್ರಿಲ್ 19ರಂದು ಕಾಂಕರ್ಡಿನ ಉತ್ತರ ಸೇತುವೆಯ ಬಳಿ ಬ್ರಿಟಿಷ್ ಸೈನಿಕರಿಗೂ ಸುತ್ತಣ ಊರುಗಳ ರೈತಪಡೆಗೂ ಕಾಳಗ ನಡೆಯಿತೆಂದು ನಾವು ಓದುತ್ತೇವೆ. ಆ ಹೊಳೆ ಎಷ್ಟು ಕಿರಿದು, ಉಭಯ ಪಕ್ಷದವರು ಎಷ್ಟು ಸಮೀಪದಲ್ಲಿ ಎದುರುಬದುರಾಗಿ ನಿಂತಿದ್ದರು ಎಂಬುದು ಚಿತ್ರವನ್ನು ಕಂಡಾಗಲೇ ಮನದಟ್ಟಾಗುತ್ತದೆ. ನೆಲದ ಈ ಅರಿವು ಪುಟಗಟ್ಟಲೆ ವರ್ಣನೆಯಿಂದ ದೊರೆಯದು.

ಆದರೆ ಹೊಳೆಗೆ ಸಲ್ಲುವ ಮಾತು ಸೇತುವೆಗೆ ಸಲ್ಲದು. ಅಂದಿನ ಸೇತುವೆಯನ್ನು 1793ರಲ್ಲಿಯೇ ಕಿತ್ತುಹಾಕಿದರು. 1836ರಲ್ಲಿ ದಡದ ಮೇಲೆ ಸ್ಮಾರಕಸ್ತಂಭವನ್ನು ನಿಲ್ಲಿಸಿದಾಗ ಅಲ್ಲಿ ಸೇತುವೆಯೇ ಇರಲಿಲ್ಲ. 1875ರ ಶತಮಾನೋತ್ಸವಕ್ಕಾಗಿ ಹೊಸದೊಂದನ್ನು ಕಟ್ಟಿದರು. ಇಂದು ಕಾಣುವುದು 1956ರ ಪುನರ್ನಿರ್ಮಾಣ. ಫಿಲಡೆಲ್ಫಿಯದ ಸ್ವಾತಂತ್ರ್ಯಭವನದ ಶಿಖರವೂ 1828ರಲ್ಲಿ ಮತ್ತೆ ಕಟ್ಟಿದುದೇ. ನಾವು ನೋಡಿದ ಪ್ರವಾಸಗಳಲ್ಲಿ ಹಳೆಯ ಇಟ್ಟಿಗೆಗೂ ಹೊಸ ಮರಕ್ಕೂ ಒಂದೇ ಬಗೆಯ ಬೆಳಕು, ಒಂದೇ ಬಗೆಯ ಸಂಗೀತ. ಪುನರ್ನಿರ್ಮಾಣ ದೋಷವಲ್ಲ, ಅದನ್ನು ಹೇಳದಿರುವುದು ದೋಷ.

ಇದಕ್ಕಿಂತ ಗುರುತರವಾದ ಕೊರತೆ ಇನ್ನೊಂದುಂಟು. ಕ್ಯಾಮೆರಾ ಉಳಿದುದನ್ನು ಮಾತ್ರ ತೋರಿಸಬಲ್ಲದು. ಸ್ವಾತಂತ್ರ್ಯಭವನದ ಸಮೀಪದಲ್ಲಿಯೇ ಅಧ್ಯಕ್ಷ ವಾಷಿಂಗ್ಟನ್ನನು 1790ರಿಂದ 1797ರವರೆಗೆ ವಾಸಿಸಿದ ಮನೆಯಿತ್ತು. ಅಲ್ಲಿ ಒಟ್ಟು ಒಂಬತ್ತು ಮಂದಿ ಗುಲಾಮರು ಅವನ ಸೇವೆಯಲ್ಲಿದ್ದರು. ಅವರಲ್ಲಿ ಓನಿ ಜಡ್ಜ್ ಎಂಬ ತರುಣಿ 1796ರಲ್ಲಿ ತಪ್ಪಿಸಿಕೊಂಡು ಹೋದಳು, ಮತ್ತೆ ಸೆರೆಸಿಕ್ಕಲಿಲ್ಲ. ಆ ಮನೆಯನ್ನು 1832ರಲ್ಲಿ ಕೆಡವಿದರು. 2007ರ ಉತ್ಖನನದಲ್ಲಿ ಅಡಿಪಾಯ ಹೊರಬಿದ್ದ ಮೇಲೆ, 2010ರಲ್ಲಿ, ಅಲ್ಲೊಂದು ಸ್ಮಾರಕವನ್ನು ತೆರೆಯಲಾಯಿತು. ಮಾನವಸಮಾನತೆಯನ್ನು ಸಾರಿದ ಭವನ ನಿಂತಿತು. ಆ ಸಮಾನತೆ ಯಾರ ಪಾಲಿಗೆ ಬರಲಿಲ್ಲವೋ ಅವರಿದ್ದ ಮನೆ ನಿಲ್ಲಲಿಲ್ಲ. ನಿಂತ ಕಟ್ಟಡಗಳನ್ನಷ್ಟೇ ಸುತ್ತಿಬಂದ ವಿದ್ಯಾರ್ಥಿ ಕ್ರಾಂತಿಯ ಅರ್ಧವನ್ನು ಮಾತ್ರ ಕಂಡಂತಾಯಿತು.

ನಮ್ಮ ನಾಡಿಗೆ ಸಂಬಂಧಪಟ್ಟ ನಿದರ್ಶನವೊಂದನ್ನು ಇಲ್ಲಿ ಸ್ಮರಿಸಬಹುದು. 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ ‘ಜನರಲ್ ಮಂಕ್’ ನೌಕೆಯನ್ನು ಸೆರೆಹಿಡಿದ ಪೆನ್ಸಿಲ್ವೇನಿಯದ ಹಡಗಿಗೆ ಇಟ್ಟಿದ್ದ ಹೆಸರು ಮೈಸೂರಿನ ಹೈದರಲಿಯದು. ನೀರಿನ ಮೇಲೆ ಗುರುತು ಉಳಿಯುವುದಿಲ್ಲ. ಲಿಖಿತ ಸಾಕ್ಷ್ಯವಿಲ್ಲದಿದ್ದರೆ ಈ ಸಂಬಂಧ ನಮಗೆ ತಿಳಿಯುತ್ತಲೇ ಇರಲಿಲ್ಲ.

ದೃಶ್ಯಪ್ರವಾಸವನ್ನು ತರಗತಿಯಿಂದ ಹೊರಗಿಡಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಮುಖ್ಯ ದೃಶ್ಯಗಳ ಬಳಿ ಅಧ್ಯಾಪಕರು ಚಿತ್ರವನ್ನು ನಿಲ್ಲಿಸಿ ಮೂರು ಪ್ರಶ್ನೆಗಳನ್ನು ಕೇಳಲಿ: ಇದು ಯಾವ ವರ್ಷದ ಕಟ್ಟಡ? ಇದನ್ನು ಉಳಿಸಿದವರು ಯಾರು? ಇದರ ಪಕ್ಕದಲ್ಲಿದ್ದು ಇಲ್ಲವಾದುದು ಯಾವುದು? ಉತ್ತರವನ್ನರಸಿ ವಿದ್ಯಾರ್ಥಿಗಳು ಗ್ರಂಥಭಂಡಾರದ ಕಡೆಗೆ ನಡೆದರೆ ಪ್ರವಾಸ ಸಾರ್ಥಕವಾದಂತೆ.