ಎಂಆರ್‌ಎಫ್‌ನ 18 ತಿಂಗಳು ಕಲಿಸುವ ಪಾಠ

ಚೆನ್ನೈನಲ್ಲಿ ಈಕ್ವಿಟಿ ರಿಸರ್ಚ್ ಕೆಲಸ ಹಿಡಿಯಬೇಕೆಂದಿರುವ ಬಿ.ಕಾಂ., ಎಂಬಿಎ ಪದವೀಧರರ ತಯಾರಿಗೆ ಈಗ ಒಂದು ಗೊತ್ತಾದ ದಾರಿಯಿದೆ: ಸಿಎಫ್‌ಎ ಮೊದಲ ಹಂತ, ಫೈನಾನ್ಶಿಯಲ್ ಮಾಡೆಲಿಂಗ್ ಕೋರ್ಸು, ಎಕ್ಸೆಲ್ ಶಾರ್ಟ್‌ಕಟ್ಟುಗಳು, ಸಂದರ್ಶನಕ್ಕೆ ಬಾಯಿಪಾಠ. ಈ ದಾರಿ ಕೆಲಸದ ಬಾಗಿಲವರೆಗೆ ತಲುಪಿಸುತ್ತದೆ. ಒಳಗೆ ಹೋದ ಮೇಲೆ ಬೇಕಾಗುವ ಮುಖ್ಯ ಗುಣವನ್ನು, ಅಂದರೆ ಕೈಗೆ ಬಂದ ಅಂಕಿಯನ್ನು ಪ್ರಶ್ನಿಸುವ ಅಭ್ಯಾಸವನ್ನು, ಅದು ಕಲಿಸುವುದಿಲ್ಲ.

ಈ ಕೊರತೆಗೆ ಹಿನ್ನೆಲೆಯಿದೆ. 2001ರಲ್ಲಿ ಶುರುವಾದ ಇರೆವ್ನಾ ಸಂಸ್ಥೆ ಚೆನ್ನೈನಲ್ಲಿ ಕೂತು ಹೊರದೇಶದ ಹೂಡಿಕೆ ಬ್ಯಾಂಕುಗಳಿಗೆ ಷೇರು ಸಂಶೋಧನೆ ಮಾಡಿಕೊಡುತ್ತಿತ್ತು. 2005ರಲ್ಲಿ ರೇಟಿಂಗ್ ಸಂಸ್ಥೆ ಕ್ರಿಸಿಲ್ ಅದನ್ನು ಕೊಂಡಿತು. ಇಂಥ ಕೆಲಸದಲ್ಲಿ ತ್ರೈಮಾಸಿಕ ಫಲಿತಾಂಶ ಬಂದ ಕೆಲವೇ ಗಂಟೆಗಳಲ್ಲಿ ಮಾಡೆಲ್ ಹೊಸದಾಗಬೇಕು. ಕೈಚುರುಕಿಗೆ ಬೆಲೆ ಬಂದದ್ದು ಸಹಜ. ಕೋರ್ಸುಗಳೂ ಅದನ್ನೇ ಮಾರತೊಡಗಿದವು: ಸಿದ್ಧ ಟೆಂಪ್ಲೇಟು, ಜಾಲತಾಣದಿಂದ ಇಳಿಸಿಕೊಂಡ ಹತ್ತು ವರ್ಷದ ಅಂಕಿ, ಕೊನೆಗೊಂದು ಷೇರು ಬೆಲೆಯ ಗುರಿ.

ಈ ವಿಧಾನ ಎಲ್ಲಿ ಮುಗ್ಗರಿಸುತ್ತದೆ ಎಂಬುದಕ್ಕೆ ಚೆನ್ನೈನದೇ ಕಂಪನಿಯೊಂದನ್ನು ನೋಡಬಹುದು. ಟಯರ್ ತಯಾರಕ ಎಂಆರ್‌ಎಫ್‌ನ ಲೆಕ್ಕದ ವರ್ಷ ಮೊದಲು ಸೆಪ್ಟೆಂಬರಿಗೆ ಮುಗಿಯುತ್ತಿತ್ತು. ಅದನ್ನು ಮಾರ್ಚ್‌ಗೆ ಬದಲಿಸಿಕೊಂಡಾಗ, 2014ರ ಅಕ್ಟೋಬರಿನಿಂದ 2016ರ ಮಾರ್ಚ್‌ವರೆಗಿನ 18 ತಿಂಗಳಿಗೆ ಒಂದೇ ಲೆಕ್ಕಪತ್ರ ಬಂತು. ಕೋಷ್ಟಕದಲ್ಲಿ ಅದೂ ಒಂದು ವರ್ಷದ ಕಾಲಂನಂತೆಯೇ ಕೂರುತ್ತದೆ. ಗಮನಿಸದವನ ಮಾಡೆಲ್‌ನಲ್ಲಿ ಮಾರಾಟ ಒಮ್ಮೆ ಜಿಗಿದು ಮರುವರ್ಷ ಕುಸಿಯುತ್ತದೆ. ಅಂಥ ಏರಿಳಿತ ನಡೆದೇ ಇರಲಿಲ್ಲ. ಮುಂದೆ 2017ರ ಜುಲೈ 1ರಂದು ಜಿಎಸ್‌ಟಿ ಬಂತು. ಅಲ್ಲಿಯವರೆಗೆ ವರಮಾನದೊಳಗೆ ಅಬಕಾರಿ ಸುಂಕ ಸೇರಿರುತ್ತಿತ್ತು, ಜಿಎಸ್‌ಟಿ ಸೇರುವುದಿಲ್ಲ. ಅಶೋಕ್ ಲೇಲ್ಯಾಂಡ್, ಟಿವಿಎಸ್ ಮೋಟಾರ್‌ನಂಥ ತಯಾರಕರ ಲೆಕ್ಕದಲ್ಲೂ ಆ ಬದಲಾವಣೆಯ ಆಚೀಚಿನ ವರ್ಷಗಳನ್ನು ನೇರವಾಗಿ ಹೋಲಿಸುವಂತಿಲ್ಲ. 2019ರ ಏಪ್ರಿಲ್‌ನಿಂದ ಗುತ್ತಿಗೆ-ಬಾಡಿಗೆಗಳ ಲೆಕ್ಕಪತ್ರ ಮಾನದಂಡ ಇಂಡ್ ಎಎಸ್ 116 ಜಾರಿಯಾದ ಮೇಲೆ ಬಾಡಿಗೆಯ ಬಹುಪಾಲು ಸವಕಳಿಯಾಗಿ, ಬಡ್ಡಿಯಾಗಿ ಬೇರೆ ಸಾಲುಗಳಿಗೆ ಹೋಯಿತು. ಬಾಡಿಗೆ ಮಳಿಗೆಗಳಲ್ಲಿ ವ್ಯಾಪಾರ ಮಾಡುವ ಕಂಪನಿಗಳ ಎಬಿಟ್ಡಾ (ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮೊದಲಿನ ಲಾಭ), ಒಂದು ರೂಪಾಯಿಯ ಹೆಚ್ಚುವರಿ ಮಾರಾಟವಿಲ್ಲದೆಯೇ ಏರಿತು. ಈ ಸಂಗತಿಗಳೆಲ್ಲ ವಾರ್ಷಿಕ ವರದಿಯ ಟಿಪ್ಪಣಿಗಳಲ್ಲಿವೆ. ಟೆಂಪ್ಲೇಟಿನಲ್ಲಿ ಟಿಪ್ಪಣಿಗೆ ಜಾಗವಿಲ್ಲ.

ಅಂಕಿಗಳಾಚೆ ನಿಯಮಗಳ ಅರಿವೂ ಬೇಕು. ಷೇರುಪೇಟೆ ನಿಯಂತ್ರಕ ಸೆಬಿಯ ಶಿಕ್ಷಣ ಸಂಸ್ಥೆ ಎನ್‌ಐಎಸ್‌ಎಂ ನಡೆಸುವ ರಿಸರ್ಚ್ ಅನಲಿಸ್ಟ್ ಪರೀಕ್ಷೆಯನ್ನು ಹಲವರು ಬರೀ ಔಪಚಾರಿಕತೆ ಎಂದು ತಳ್ಳಿಹಾಕುತ್ತಾರೆ. ನಾನು ಒಪ್ಪುವುದಿಲ್ಲ. ಸೆಬಿಯ 2014ರ ನಿಯಮಾವಳಿಯನ್ನು ಅದು ಓದಿಸುತ್ತದೆ. ವರದಿ ಪ್ರಕಟಣೆಯ 30 ದಿನ ಮೊದಲಿನಿಂದ 5 ದಿನ ನಂತರದವರೆಗೆ ವಿಶ್ಲೇಷಕ ಆ ಷೇರಿನಲ್ಲಿ ವ್ಯವಹಾರ ಮಾಡುವಂತಿಲ್ಲ ಎಂಬ ನಿಯಮ ಅಲ್ಲಿದೆ. ಕಾಲೇಜಿನಲ್ಲೇ ಟ್ರೇಡಿಂಗ್ ರುಚಿ ಹತ್ತಿಸಿಕೊಂಡು ಬರುವ ಪೀಳಿಗೆಗೆ ಈ ಶಿಸ್ತು ಮೊದಲ ದಿನಕ್ಕೆ ಮುಂಚೆಯೇ ಗೊತ್ತಿರಬೇಕು.

ತಯಾರಿಯ ಇನ್ನೊಂದು ದೊಡ್ಡ ದೋಷ ಬರವಣಿಗೆಯ ಕಡೆಗಣನೆ. ಸಂಶೋಧನೆಯ ಫಲ ಕೊನೆಗೆ ಒಂದು ವರದಿ, ವಾಕ್ಯಗಳಲ್ಲಿ ಮಂಡಿಸಿದ ವಾದ. ಟಯರ್ ಕಂಪನಿಯ ಲಾಭದ ಪ್ರಮಾಣ ಯಾಕೆ ಇಳಿಯಿತು, ರಬ್ಬರ್ ಬೆಲೆಯಿಂದಲೋ ಪೈಪೋಟಿಯಿಂದಲೋ ಎಂದು ನಾಲ್ಕು ಸಾಲಿನಲ್ಲಿ ಸ್ಪಷ್ಟವಾಗಿ ಬರೆಯಲಾರದವನಿಗೆ ಅದು ಇನ್ನೂ ಅರ್ಥವಾಗಿಲ್ಲ.

ಹಾಗಾದರೆ ಒಳ್ಳೆಯ ತಯಾರಿ ಯಾವುದು? ಒಂದೇ ಕಂಪನಿಯನ್ನು ಆರಿಸಿ ಅದರ ಹತ್ತು ವಾರ್ಷಿಕ ವರದಿಗಳಿಂದ ಅಂಕಿಗಳನ್ನು ಸ್ವಂತ ಕೈಯಿಂದ ತುಂಬಬೇಕು. ತಾಳೆಯಾಗದ ಪ್ರತಿ ಕಡೆ ನಿಂತು ಕಾರಣ ಹುಡುಕಬೇಕು, ಸಿಕ್ಕಿದ್ದನ್ನು ಎರಡು ಪುಟ ಬರೆಯಬೇಕು. ಇದು ನಿಧಾನದ ಕೆಲಸ, ಪ್ರಮಾಣಪತ್ರವೂ ಸಿಗದು. ಆದರೂ ಕೋರ್ಸಿನ ಶುಲ್ಕಕ್ಕಿಂತ ಮೊದಲು ಇದಕ್ಕೆ ಸಮಯ ಕೊಡಿ ಎಂದು ಹೊಸಬರಿಗೆ ಹೇಳುತ್ತೇನೆ. ಅಂಕಿ ತುಂಬುವ ಕೆಲಸವನ್ನು ಯಂತ್ರವೂ ಮಾಡಬಲ್ಲದು. ಆ ಅಂಕಿಯನ್ನು ನಂಬಿ ಬೇರೆಯವರು ತಮ್ಮ ಉಳಿತಾಯ ಹಾಕುವಾಗ ಅದಕ್ಕೆ ಉತ್ತರದಾಯಿಯಾಗುವುದು ವಿಶ್ಲೇಷಕನ ಕೆಲಸ. ತಯಾರಿ ನಡೆಯಬೇಕಾದದ್ದು ಆ ಕೆಲಸಕ್ಕೆ.