ಹಳೆಯ ನಗೆ, ಹೊಸ ಕಿವಿ: ‘ಜಬಾನ್ ಸಂಭಾಲ್ ಕೆ’ ಧಾರಾವಾಹಿಯ ಮರುವೀಕ್ಷಣೆ

ರಸಗಳಲ್ಲಿ ಬೇಗನೆ ಹಳಸುವಂಥದು ಹಾಸ್ಯ. ಕರುಣವೂ ವೀರವೂ ಶತಮಾನಗಳನ್ನು ದಾಟಿ ಬರುತ್ತವೆ. ನಗೆಗೆ ಮಾತ್ರ ತನ್ನ ಕಾಲದ ಸಭಿಕರನ್ನು ಬಿಟ್ಟು ಬದುಕುವುದು ಕಷ್ಟ. ಮಧ್ಯಕಾಲೀನ ಸಾಹಿತ್ಯದ ಅಭ್ಯಾಸಿಗಳಾದ ನಮಗೆ ಇದು ಪರಿಚಿತ ಸಂಗತಿ. ದೂರದರ್ಶನದ ಹಳೆಯ ಹಾಸ್ಯ ಧಾರಾವಾಹಿಗಳಿಗೂ ಇದು ಹೇಗೆ ಅನ್ವಯಿಸುತ್ತದೆಂಬುದನ್ನು ಒಂದು ನಿದರ್ಶನದ ಮೂಲಕ ಪರಿಶೀಲಿಸುವುದು ಪ್ರಸ್ತುತ ಟಿಪ್ಪಣಿಯ ಉದ್ದೇಶ.

ಪಂಕಜ್ ಕಪೂರ್ ಅವರು ಹಿಂದಿ ಅಧ್ಯಾಪಕನ ಪಾತ್ರ ವಹಿಸಿದ ‘ಜಬಾನ್ ಸಂಭಾಲ್ ಕೆ’ 1993ರಲ್ಲಿ ದೂರದರ್ಶನದಲ್ಲಿ ಆರಂಭವಾಯಿತು. ಇದಕ್ಕೆ ಆಧಾರ, 1977ರ ‘ಮೈಂಡ್ ಯುವರ್ ಲ್ಯಾಂಗ್ವೇಜ್’ ಎಂಬ ಬ್ರಿಟಿಷ್ ಧಾರಾವಾಹಿ. ಲಂಡನ್ನಿನ ಸಂಜೆಯ ತರಗತಿಯಲ್ಲಿ ವಿದೇಶೀಯರು ಇಂಗ್ಲಿಷ್ ಕಲಿಯುವುದು ಅದರ ವಸ್ತು. ಜನಾಂಗಗಳನ್ನು ಅಚ್ಚುಪಾತ್ರಗಳಾಗಿಸಿದೆಯೆಂಬ ಆಕ್ಷೇಪಕ್ಕೆ ಗುರಿಯಾಗಿ 1979ರಲ್ಲಿ ಅದು ನಿಂತಿತು. ಅದೇ ಚೌಕಟ್ಟು ಭಾರತಕ್ಕೆ ಬಂದಾಗ ತರಗತಿಯ ಪೀಠಗಳಲ್ಲಿ ವಿದೇಶೀಯರ ಪಕ್ಕದಲ್ಲಿ ದಕ್ಷಿಣದವರೂ ಮರಾಠಿಗರೂ ಕುಳಿತರು. ತಮ್ಮ ದೇಶದೊಳಗೇ ಅವರು ಪರದೇಶಿಗಳಾದರೆಂಬುದು ಗಮನಾರ್ಹ.

ಕಳೆದ ಚಳಿಗಾಲದಲ್ಲಿ ದೆಹಲಿಯ ಜನಕಪುರಿಯ ಕನ್ನಡ ಕುಟುಂಬವೊಂದರಲ್ಲಿ ಈ ಧಾರಾವಾಹಿಯ ಕೆಲವು ಕಂತುಗಳನ್ನು ಮತ್ತೆ ನೋಡುವ ಸಂದರ್ಭ ನಮಗೆ ಒದಗಿತು. ನಿವೃತ್ತ ನೌಕರರಾದ ಮನೆಯ ಹಿರಿಯರು ಮನಸಾರೆ ನಕ್ಕರು. ದೆಹಲಿಯಲ್ಲಿಯೇ ಹುಟ್ಟಿ ಬೆಳೆದ ಮೊಮ್ಮಗಳು, “ಅಜ್ಜ, ಆ ಮದ್ರಾಸಿ ಬಾಯಿ ತೆಗೆಯುವ ಮೊದಲೇ ಯಾಕೆ ನಗುತ್ತಾರೆ?” ಎಂದು ಕೇಳಿದಳು. ಹಿರಿಯರು ತುಸು ಹೊತ್ತು ಸುಮ್ಮನಿದ್ದು, “ನಮ್ಮ ಆಫೀಸಿನಲ್ಲೂ ಹಾಗೆಯೇ ನಗುತ್ತಿದ್ದರಮ್ಮ. ನಾವೂ ಜೊತೆಗೆ ನಕ್ಕುಬಿಡುತ್ತಿದ್ದೆವು” ಎಂದರು. ನಗೆಗೆ ಗುರಿಯಾದವನು ನಗುವವರ ಗುಂಪಿಗೆ ಸೇರಿಕೊಳ್ಳುವುದು ಊರು ಬಿಟ್ಟು ಬಂದವನ ಒಂದು ರಕ್ಷಣೋಪಾಯ. ಕನ್ನಡಿಗ, ತಮಿಳ, ತೆಲುಗ, ಮಲಯಾಳಿಗಳೆಂಬ ಭೇದವನ್ನು ‘ಮದ್ರಾಸಿ’ ಎಂಬ ಒಂದೇ ಶಬ್ದದಲ್ಲಿ ಅಳಿಸಿದ ಕಾಲದ ದಾಖಲೆಯಾಗಿ ಆ ನಗೆ ನಮಗೆ ಕೇಳಿಸಿತು.

ಇಂಥ ಕೃತಿಗಳನ್ನು ಏನು ಮಾಡಬೇಕು? ಹನ್ನೆರಡನೆಯ ಶತಮಾನದ ಜೈನ ಕವಿ ಬ್ರಹ್ಮಶಿವನ ‘ಸಮಯಪರೀಕ್ಷೆ’ ಅನ್ಯಮತಗಳನ್ನು ನಿರ್ದಾಕ್ಷಿಣ್ಯವಾಗಿ ಗೇಲಿಮಾಡುತ್ತದೆ. ಅದನ್ನು ನಾವು ಬಚ್ಚಿಟ್ಟಿಲ್ಲ, ಸಮರ್ಥಿಸಿಯೂ ಇಲ್ಲ. ಅಂದಿನ ಆಚರಣೆ, ನಂಬಿಕೆ, ವೈರಗಳಿಗೆ ಸಾಕ್ಷಿಯೆಂದು ಓದುತ್ತೇವೆ. ಆದರೆ ಬ್ರಹ್ಮಶಿವ ತಾನು ಯಾವ ಪಕ್ಷದವನೆಂಬುದನ್ನು ಮರೆಮಾಚುವುದಿಲ್ಲ. ಧಾರಾವಾಹಿಯಾದರೋ ಒಂದು ಪ್ರದೇಶದ ಉಚ್ಚಾರಣೆಯನ್ನು ಸಹಜವೆಂದೂ ಉಳಿದವನ್ನು ವಿಕಾರವೆಂದೂ ಹೇಳದೆಯೇ ಒಪ್ಪಿಸುತ್ತದೆ. ಇನ್ನೊಂದು ವ್ಯತ್ಯಾಸವೂ ಉಂಟು: ಪ್ರಾಚೀನ ಕವಿಯ ಬದುಕು ಬಹುಮಟ್ಟಿಗೆ ಅಜ್ಞಾತ; ಧಾರಾವಾಹಿಯಲ್ಲಿ ಕರ್ತೃವಿನ ಮುಖವೇ ಕೃತಿಯಾಗಿರಬಹುದು. ಅಮೆರಿಕದ ಬಿಲ್ ಕಾಸ್ಬಿ 2018ರಲ್ಲಿ ಲೈಂಗಿಕ ಅಪರಾಧಕ್ಕಾಗಿ ದೋಷಿಯೆನಿಸಿದರು. 2021ರಲ್ಲಿ ಆ ತೀರ್ಪು ರದ್ದಾಯಿತು. ಆದರೂ ಅವರು ಆದರ್ಶ ತಂದೆಯಾಗಿ ನಟಿಸಿದ ‘ದಿ ಕಾಸ್ಬಿ ಷೋ’ವನ್ನು ಮೊದಲಿನಂತೆ ನೋಡುವುದು ಅನೇಕರಿಗೆ ಸಾಧ್ಯವಾಗಿಲ್ಲ.

ಹಿಂದಿಯ ಕಿವಿಯನ್ನು ದೂರಿ ಸುಮ್ಮನಾಗುವುದು ಸುಲಭ. ಕನ್ನಡದ ಹಾಸ್ಯವೂ ಮಂಗಳೂರು, ಧಾರವಾಡಗಳ ನುಡಿಯನ್ನು ಎಷ್ಟೋ ವೇಳೆ ನಗೆಯ ಸಾಮಗ್ರಿಯಾಗಿ ಮಾತ್ರ ಬಳಸಿದೆ. ಅಲ್ಲಿ ಅಳತೆಗೋಲಾಗಿರುವುದು ಮೈಸೂರು-ಬೆಂಗಳೂರುಗಳ ಕಿವಿ. ಮನೆಯಲ್ಲಿ ಆಡುವ ಕನ್ನಡಕ್ಕೇ ಬೆಂಗಳೂರಿನಲ್ಲಿ ನಗೆಯನ್ನು ಎದುರಿಸಿದವನ ಅನುಭವ, ದೆಹಲಿಯ ಕಚೇರಿಯಲ್ಲಿ ನಗೆಗೀಡಾದ ಕನ್ನಡಿಗನ ಅನುಭವಕ್ಕಿಂತ ಭಿನ್ನವಾದುದಲ್ಲ.

ಆದಕಾರಣ ಹಳೆಯ ಹಾಸ್ಯವನ್ನು ಅಳಿಸುವುದಾಗಲಿ ‘ಆ ಕಾಲವೇ ಹಾಗೆ’ ಎಂದು ಮನ್ನಿಸುವುದಾಗಲಿ ಸಂಶೋಧಕನ ಕೆಲಸವಲ್ಲ. ಯಾರು ನಕ್ಕರು, ಯಾರನ್ನು ಕಂಡು ನಕ್ಕರು, ಯಾರು ವಿಧಿಯಿಲ್ಲದೆ ನಕ್ಕರು ಎಂಬ ಮೂರು ಪ್ರಶ್ನೆಗಳನ್ನು ಕೇಳುವುದು ಅವನ ಕೆಲಸ. ಹೊರನಾಡಿನಲ್ಲಿರುವ ಕನ್ನಡ ವಿದ್ವಾಂಸರಿಗೆ ಮೂರನೆಯ ಪ್ರಶ್ನೆಯ ಉತ್ತರ ತಮ್ಮ ಮನೆಯ ಹಿರಿಯರಲ್ಲಿಯೇ ದೊರೆಯಬಹುದು. ಅವರಿರುವಾಗಲೇ ಕೇಳಿ ದಾಖಲಿಸಿಕೊಳ್ಳುವುದು ಅಗತ್ಯ.