ಎರಳೆ, ಹುಲ್ಲೆ, ಚಿಗರಿ: ಪ್ರಾಣಿನಾಮಗಳ ವ್ಯುತ್ಪತ್ತಿವಿಚಾರ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯ ಬಯಲಿಗೆ ಕೃಷ್ಣಮೃಗವು ಹೊಸದಲ್ಲ. 1974ರಲ್ಲಿ ರಾಣೇಬೆನ್ನೂರಿನ ಬಳಿ ಇದಕ್ಕಾಗಿಯೇ 119 ಚದರ ಕಿಲೋಮೀಟರಿನ ಅಭಯಾರಣ್ಯವು ಘೋಷಿತವಾಯಿತು. ಸರಕಾರದ ಕಡತದಲ್ಲಿ ಅದು ಕೃಷ್ಣಮೃಗ. ಒಕ್ಕಲಿಗನ ಬಾಯಲ್ಲಿ ಚಿಗರಿ. ಈ ಜಾತಿಯ ಮೃಗಗಳಿಗೆ ಹಳಗನ್ನಡದ ಹೆಸರು ಎರಳೆ, ಪುಲ್ಲೆ. ಇಂತಹ ಹೆಸರುಗಳ ಮೂಲವನ್ನು ಹೇಳುವಾಗ ಅರ್ಥದ ಸೊಗಸಿಗೆ ಮನಸೋತು ಧ್ವನಿನಿಯಮವನ್ನು ಮರೆಯುವ ರೂಢಿ ನಮ್ಮಲ್ಲಿದೆ. ಅದರ ಪರಾಮರ್ಶೆಯೇ ಪ್ರಕೃತ ಲೇಖನದ ಉದ್ದೇಶ.

ಎರೆಯ ನೆಲದಲ್ಲಿ ಮೇಯುವುದರಿಂದ ಎರಳೆಯಾಯಿತೆಂದು ಹೇಳಿಬಿಡುವುದು ಸುಲಭ. ಆದರೆ ತಮಿಳಿನಲ್ಲಿ ಇದರ ಜ್ಞಾತಿಪದ ‘ಇರಲೈ’. ತಮಿಳಿನ ಇಲೈ, ನಿಲಮ್ ಶಬ್ದಗಳಿಗೆ ಕನ್ನಡದಲ್ಲಿ ಎಲೆ, ನೆಲ ಎಂಬ ರೂಪಗಳಿರುವಂತೆಯೇ ಇರಲೈಗೆ ಎರಳೆಯಿದೆ. ಅಂದಮೇಲೆ ಮೊದಲ ಎಕಾರವು ಕನ್ನಡದಲ್ಲಿ ಆದ ಮಾರ್ಪಾಡು. ಹೆಸರಾದರೋ ಎರಡು ಭಾಷೆಗಳೂ ಬೇರ್ಪಡುವ ಮುನ್ನಿನದು. ಎರೆಮಣ್ಣಿನ ವಾದ ಇಲ್ಲಿಗೆ ಬಿದ್ದುಹೋಗುತ್ತದೆ.

ಸ್ಲಾವಿಕ್ ಭಾಷೆಗಳಲ್ಲಿಯೂ ಇಂತಹುದೇ ನಿದರ್ಶನವುಂಟು. ರಷ್ಯನ್ನಿನಲ್ಲಿ ಕರಡಿಗೆ ‘ಮೆದ್ವೇದ್’ ಎಂದು ಹೆಸರು. ‘ವೇದ್’ ಎಂದರೆ ತಿಳಿ ಎಂದರ್ಥವಿರುವುದರಿಂದ ಜನರು ಇದನ್ನು ‘ಜೇನನ್ನು ಬಲ್ಲದ್ದು’ ಎಂದು ಬಿಡಿಸಿಕೊಂಡರು. ನಿಜಾರ್ಥ ‘ಜೇನು ತಿನ್ನುವುದು’. ಸಂಸ್ಕೃತದಲ್ಲಿ ಮಧು, ಅದ್ ಎಂಬಿವು ಯಣ್ ಸಂಧಿಯಿಂದ ‘ಮಧ್ವದ್’ ಆಗುವಂತೆ ಅಲ್ಲಿಯೂ ಉಕಾರವೇ ವಕಾರವಾಗಿದೆ. ವಕಾರದ ಹುಟ್ಟನ್ನು ವಿಚಾರಿಸದವರು ಕರಡಿಗೆ ಜ್ಞಾನವನ್ನು ಆರೋಪಿಸಿದರು!

ಹಾಗೆಂದು ಅರ್ಥಸಾಮ್ಯವೆಲ್ಲ ಹುಸಿಯಲ್ಲ. ಪುಲ್ಲೆಯು ಹುಲ್ಲೆಯಾದುದು ಪಕಾರವು ಹಕಾರವಾಗುವ ನಿಯಮಕ್ಕೆ ಒಪ್ಪುತ್ತದೆ. ತಮಿಳಿನಲ್ಲಿ ಇಂತಹುದೇ ಮೃಗಕ್ಕೆ ‘ಪುಲ್ವಾಯ್’, ಅಂದರೆ ಹುಲ್ಲುಬಾಯಿ, ಎಂಬ ಹೆಸರಿರುವುದರಿಂದ ಹುಲ್ಲಿನ ಸಂಬಂಧಕ್ಕೆ ಆಧಾರ ದೊರೆಯುತ್ತದೆ.

ಉಳಿದದ್ದು ಚಿಗರಿ. ‘ಚಿಗಿ’ ಎಂದರೆ ಹಾರು; ‘ಚಿಗುರು’ ಎಂದರೆ ಎಳೆಯ ಕುಡಿ. ಪ್ರಾಣಿಯ ನೆಗೆತವೂ ಮೇವೂ ಎರಡಕ್ಕೂ ಸಾಕ್ಷಿ ನುಡಿಯುತ್ತವೆ. ಆದುದರಿಂದಲೇ ಅವುಗಳ ಸಾಕ್ಷ್ಯ ಸಾಲದು. ಮೊದಲನೆಯದೇ ಸಂಭಾವ್ಯವೆಂದು ತೋರಿದರೂ, ‘-ರಿ’ ಪ್ರತ್ಯಯದ ಇತರ ಉದಾಹರಣೆಗಳು ದೊರೆಯುವವರೆಗೆ ಅದನ್ನು ಊಹೆಯೆಂದೇ ಕರೆಯಬೇಕು. ಹುಬ್ಬಳ್ಳಿ-ಧಾರವಾಡದ ತ್ವರಿತ ಬಸ್ಸುಗಳಿಗೆ ಈ ಹೆಸರಿಟ್ಟಿರುವುದು ನಾಡವರ ಮನಸ್ಸಿನಲ್ಲಿ ಅದು ವೇಗದ ಸಂಕೇತವಾಗಿರುವುದನ್ನು ತೋರಿಸೀತೇ ಹೊರತು ಮೂಲವನ್ನಲ್ಲ.

ಈ ಸೀಮೆಯ ವಿದ್ಯಾರ್ಥಿಗಳು ತಮ್ಮ ಊರುಗಳಲ್ಲಿ ಹೋರಿ, ಹೆಣ್ಣು, ಮರಿಗಳಿಗಿರುವ ಹೆಸರುಗಳನ್ನು ಉಚ್ಚಾರಸಹಿತ ಬರೆದಿಡುವುದು ಅವಶ್ಯ. ಪಠ್ಯದ ‘ಕೃಷ್ಣಮೃಗ’ವೊಂದೇ ಉಳಿದರೆ, ವ್ಯುತ್ಪತ್ತಿಯನ್ನು ತೀರ್ಮಾನಿಸಬೇಕಾದ ಸಾಮಗ್ರಿಯೇ ನಷ್ಟವಾಗುತ್ತದೆ.